ಗುಟ್ಟು ಹೊರಗೆಡಹಿದವನು: ಧೀರನೋ, ದ್ರೋಹಿಯೋ?



ಸರಕಾರದ ಗುಟ್ಟನ್ನು ಹೊರಗೆಡಹಿದವನು ಧೀರನೋ, ದೇಶದ್ರೋಹಿಯೋ? ಅಮೆರಿಕದ ಎಡ್ವರ್ಡ್ ಸ್ನೋಡೆನ್ನನ ಸಂಗತಿಯನ್ನು ಮುಂದಿಟ್ಟುಕೊಂಡು ನಾವು ವಿಚಾರಮಾಡೋಣ.

ಅಲ್ಲಿನ ರಾಷ್ಟ್ರೀಯ ಭದ್ರತಾ ಸಂಸ್ಥೆಯು ಕೋಟ್ಯಂತರ ಪ್ರಜೆಗಳ ದೂರವಾಣಿ ಕರೆಗಳ ಲೆಕ್ಕವನ್ನು, ಎಂದರೆ ಯಾರು ಯಾರೊಡನೆ, ಎಂದು, ಎಷ್ಟು ಹೊತ್ತು ಮಾತನಾಡಿದರೆಂಬುದನ್ನು, ರಹಸ್ಯವಾಗಿ ಕೂಡಿಡುತ್ತಿತ್ತು. ಸ್ನೋಡೆನ್ ಒದಗಿಸಿದ ಕಾಗದಪತ್ರಗಳಿಂದ 2013ರ ಜೂನ್ ತಿಂಗಳಲ್ಲಿ ಪತ್ರಿಕೆಗಳು ಇದನ್ನು ಬಯಲಿಗೆಳೆದುವು. ಸರಕಾರವು 1917ರ ಬೇಹುಗಾರಿಕೆಯ ಕಾಯಿದೆಯಂತೆ ಆತನ ಮೇಲೆ ಆಪಾದನೆ ಹೊರಿಸಿತು. ಆತನು ರಷ್ಯದಲ್ಲಿ ಆಶ್ರಯ ಪಡೆದು, 2022ರಲ್ಲಿ ಅಲ್ಲಿಯ ಪೌರನಾದನು.

ಆತನ ವಿರುದ್ಧವಾದ ಮಾತೂ ಹಗುರವಲ್ಲ. ಪರದೇಶಗಳ ಮೇಲಣ ಬೇಹಿನ ಕಾಗದಗಳೂ ಆತನು ಕೊಟ್ಟವುಗಳಲ್ಲಿ ಸೇರಿದ್ದುವು. ನೌಕರರೆಲ್ಲರೂ ಕೊಟ್ಟ ಭಾಷೆಗೆ ತಪ್ಪಿದರೆ ರಾಜ್ಯವು ನಿಲ್ಲದು. ಆದರೆ 2015ರಲ್ಲಿ ಆ ದೇಶದ ಮೇಲ್ಮನವಿ ನ್ಯಾಯಾಲಯವೊಂದು ಆ ಸಂಗ್ರಹಕ್ಕೆ ಶಾಸನದ ಆಧಾರವಿಲ್ಲವೆಂದು ತೀರ್ಪಿತ್ತಿತು. ಅದೇ ವರ್ಷ ಅಲ್ಲಿಯ ಕಾಂಗ್ರೆಸ್ಸು ಅದನ್ನು ನಿಲ್ಲಿಸುವ ಕಾಯಿದೆ ಮಾಡಿತು. ಗುಟ್ಟು ಗುಟ್ಟಾಗಿಯೇ ಉಳಿದಿದ್ದರೆ ಇವು ನಡೆಯುತ್ತಿದ್ದುವೇ?

ಆತನನ್ನು ನಾವು ಪೂಜಿಸಬೇಕಾಗಿಲ್ಲ. ಆದರೆ ಕಾವಲುಗಾರನೇ ಕಿಂಡಿಯಲ್ಲಿ ಇಣುಕುತ್ತಿರುವನೆಂದು ಮನೆಯವರಿಗೆ ಕೂಗಿ ಹೇಳಿದವನನ್ನು ಮನೆಗೆ ದ್ರೋಹಿಯೆನ್ನಲು ನಮ್ಮ ಮನಸ್ಸು ಒಪ್ಪದು. ಪ್ರಜಾರಾಜ್ಯದಲ್ಲಿ ಮನೆಯ ಒಡೆಯರು ಪ್ರಜೆಗಳೇ ಅಲ್ಲವೇ?