ಅಂಗಳದ ಅಡಿಕೆಗೆ ಒಂದು ಪುಟ್ಟ ಕಾವಲು

ಪುತ್ತೂರು, ಸುಳ್ಯ, ಕಡಬದಿಂದ ಕೇಳ್ತಾ ಇರುವವರಿಗೆ ಇವತ್ತಿನ ವಿಷಯ ಬೇಗ ಅರ್ಥ ಆಗ್ತದೆ. ಅಂಗಳ ತುಂಬ ಅಡಿಕೆ, ಮನೆಯವರೆಲ್ಲ ತೋಟದಲ್ಲಿ, ಹೇಳದೆ ಕೇಳದೆ ಮಳೆ. ಚಾಲಿ ಒಣಗಲಿಕ್ಕೆ ಸುಮಾರು 40 ದಿನದ ಬಿಸಿಲು ಬೇಕು. ನೆನೆದರೆ ಬೂಷ್ಟು ಹಿಡಿದು ದರ ಬೀಳ್ತದೆ. ಹವಾಮಾನದ ಆ್ಯಪ್ ‘ಅಲ್ಲಲ್ಲಿ ಮಳೆ’ ಅನ್ನುತ್ತದೆ. ಆ ‘ಅಲ್ಲಲ್ಲಿ’ಯಲ್ಲಿ ನಮ್ಮ ಅಂಗಳ ಉಂಟಾ ಇಲ್ಲವಾ ಅಂತ ಅದಕ್ಕೆ ಗೊತ್ತಿಲ್ಲ.

ಎಲೆಕ್ಟ್ರಾನಿಕ್ಸ್ ಕಲಿಯಲಿಕ್ಕೆ ಎಂತ ಮಾಡಬೇಕು ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ: ಮನೆಗೆ ಬೇಕಾದ ಒಂದು ಕೆಲಸದಿಂದ ಶುರು ಮಾಡಿ. ಬೋರ್ಡು ರಾಸ್ಪ್‌ಬೆರಿ ಪೈ ಪಿಕೋ. 2021ರ ಜನವರಿಯಲ್ಲಿ 4 ಡಾಲರಿಗೆ ಬಂದದ್ದು. ಐದು ಸೆಂಟಿಮೀಟರ್ ಉದ್ದ, 264 ಕೆಬಿ ರ‍್ಯಾಮ್. ಸ್ಕ್ರೀನ್ ಇಲ್ಲ, ಕೀಬೋರ್ಡ್ ಇಲ್ಲ. ಕೊಟ್ಟ ಒಂದೇ ಕೆಲಸ ಮಾಡ್ತಾ ಇರ್ತದೆ. ವೈಫೈ ಇರುವ ಪಿಕೋ ಡಬ್ಲ್ಯೂ ಕೂಡ ಉಂಟು, ಆದರೆ ನೆಟ್‌ವರ್ಕಿಗೆ ಗುಡ್ಡ ಹತ್ತುವ ಊರಲ್ಲಿ ಬಜರೇ ವಾಸಿ. ಬೆಸುಗೆ ಬಾರದವರು ಪಿನ್ ಕೂರಿಸಿದ ಪಿಕೋ ಎಚ್ ತೆಗೊಳ್ಳಿ.

ಬೂಟ್‌ಸೆಲ್ ಬಟನ್ ಒತ್ತಿ ಹಿಡಿದು ಯುಎಸ್‌ಬಿ ಕೇಬಲ್ ಚುಚ್ಚಿದರೆ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ಥರ ಕಾಣ್ತದೆ. ಅದಕ್ಕೆ ಮೈಕ್ರೋಪೈಥಾನ್ ಫೈಲ್ ಹಾಕಿ, ಥಾನಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಕೋಡ್ ಬರೆಯುವುದು. ಏನೂ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಕೆಲವು ಕೇಬಲ್ ಚಾರ್ಜಿಗೆ ಮಾತ್ರ. ಬೋರ್ಡಿನ ಎಲ್‌ಇಡಿ 25ನೇ ಜಿಪಿಯಲ್ಲಿ ಉಂಟು, ಅದನ್ನು ಮಿನುಗಿಸಿ ನೋಡಿ. ಕೋಡಿಗೆ ‘ಮೈನ್ ಡಾಟ್ ಪಿವೈ’ ಅಂತ ಹೆಸರಿಟ್ಟು ಬೋರ್ಡಲ್ಲೇ ಉಳಿಸಿದರೆ ಲ್ಯಾಪ್‌ಟಾಪ್ ಇಲ್ಲದೆಯೂ ಓಡ್ತದೆ.

ಇನ್ನು ಮಳೆ ಸೆನ್ಸರ್. ಗೆರೆ ಗೆರೆ ತಾಮ್ರದ ಒಂದು ಪ್ಲೇಟ್, ಜೊತೆಗೊಂದು ಸಣ್ಣ ಮಾಡ್ಯೂಲ್. ಹನಿ ಬಿದ್ದರೆ ಔಟ್‌ಪುಟ್ ಸೊನ್ನೆ ಆಗ್ತದೆ. ಇದಕ್ಕೆ 5 ವೋಲ್ಟ್ ಕೊಡಬೇಡಿ, ಪಿಕೋದ ಪಿನ್‌ಗಳು 3.3 ವೋಲ್ಟಿನವು. ಸದಾ ಕರೆಂಟು ಹರಿದರೆ ಒದ್ದೆ ಪ್ಲೇಟ್ ಬೇಗ ತುಕ್ಕು ತಿಂದು ಹಾಳಾಗ್ತದೆ. ಹಾಗಾಗಿ ನಾನು ಸೆನ್ಸರಿಗೆ ಕರೆಂಟು ಕೊಡುವುದು ಇನ್ನೊಂದು ಪಿನ್‌ನಿಂದ: ಹತ್ತು ಸೆಕೆಂಡಿಗೊಮ್ಮೆ ಆನ್, ಓದು, ಆಫ್. ಬಜರನ್ನು ನೇರ ಪಿನ್‌ಗೆ ಕಟ್ಟದೆ ಟ್ರಾನ್ಸಿಸ್ಟರ್ ಇರುವ ಮಾಡ್ಯೂಲ್ ತೆಗೊಳ್ಳಿ.

ಪ್ಲೇಟನ್ನು ಓರೆಯಾಗಿ ಇಡಿ, ನೀರು ಜಾರಿ ಹೋಗಲಿ. ಜನವರಿಯ ಮಂಜಿಗೂ ಇದು ಕೂಗ್ತದೆ, ಮಾರಾಯ್ರೆ! ಮಾಡ್ಯೂಲಿನ ತಿರುಪನ್ನು ಸ್ಕ್ರೂಡ್ರೈವರಿನಲ್ಲಿ ತಿರುಗಿಸಿ, ಮಂಜಿಗೆ ಸುಮ್ಮನಿದ್ದು ಹನಿಗೆ ಕೂಗುವಲ್ಲಿ ನಿಲ್ಲಿಸಬೇಕು. ಎರಡು ಬೆಳಗ್ಗೆ ಹಿಡೀತದೆ. ಪವರ್ ಬ್ಯಾಂಕ್ ನಂಬಬೇಡಿ. ಪಿಕೋ ಎಳೆಯುವ ಕರೆಂಟು ಎಷ್ಟು ಕಡಿಮೆ ಅಂದ್ರೆ, ಏನೂ ಕಟ್ಟಿಲ್ಲ ಅಂತ ಕೆಲವು ಪವರ್ ಬ್ಯಾಂಕ್ ತಾನೇ ಆಫ್ ಆಗ್ತದೆ. ಮೊಬೈಲ್ ಚಾರ್ಜರ್ ಸಾಕು. ಆದರೆ ಗುಡುಗು ಕೇಳಿದ ಕೂಡ್ಲೆ ಪ್ಲಗ್ ತೆಗೀರಿ. ಆಗ ಮೂರು ಪೆನ್ಸಿಲ್ ಸೆಲ್ಲು ವಿ-ಸಿಸ್ ಪಿನ್‌ಗೆ. ಯುಎಸ್‌ಬಿ, ಸೆಲ್ಲು ಎರಡೂ ಒಟ್ಟಿಗೆ ಬೇಡ.

ಇದನ್ನೇ ಪಂಪಿನ ಸ್ಟಾರ್ಟರಿಗೆ ಕಟ್ಟಬಹುದಾ ಅಂತ ಕೇಳುವವರು ಇದ್ದೇ ಇದ್ದೀರಿ. ತ್ರೀ ಫೇಸ್ ಅಂದ್ರೆ 415 ವೋಲ್ಟ್. ಅದಕ್ಕೆ ಈಗ ಕೈ ಹಾಕಬೇಡಿ. ಆ ವಿಷಯ ಇಲೆಕ್ಟ್ರಿಷಿಯನ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾತಾಡುವ.