ಲೆಕ್ಕದ ಪುಸ್ತಕಕ್ಕೂ ಗೇಣಿಯೇ?

(ನಮ್ಮ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)





ಇಂದಿನ ವಿಷಯವು ಕಂಪ್ಯೂಟರ್ ಸಾಫ್ಟ್‌ವೇರಿಗೆ ಕಟ್ಟಬೇಕಾದ ಚಂದಾ ಹಣ. ತೋಟದ ಕೆಲಸದವರಾದ ನಮಗೂ ಅದಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಆ ಹಣ ಹೋಗುವುದು ನಮ್ಮ ಸಹಾಯ ನಿಧಿಯಿಂದ. ಎಂದರೆ ನಿಮ್ಮ ಬೆವರಿನ ಕೂಲಿಯಿಂದ. ಆದುದರಿಂದ ಅದರ ಲೆಕ್ಕ ಕೇಳುವ ಹಕ್ಕು ನಿಮಗಿದೆ, ಒಪ್ಪಿಸುವ ಹೊಣೆ ನಮಗಿದೆ.

ಕಳೆದ ವರ್ಷ ನಡೆದುದನ್ನು ಮುಚ್ಚಿಡದೆ ಹೇಳುತ್ತೇವೆ. ನಿಧಿಯ ಲೆಕ್ಕವನ್ನು ನಾವು ರಟ್ಟಿನ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸಿದ್ದೆವು. ಸಾಫ್ಟ್‌ವೇರ್ ಕೊಟ್ಟ ಕಂಪೆನಿಯು ಒಮ್ಮೆ ಹಣ ಕೊಟ್ಟರೆ ಸಾಕೆಂದಿತ್ತು. ಆಮೇಲೆ ನಿಯಮ ಬದಲಾಯಿಸಿ, ವರ್ಷ ವರ್ಷವೂ ಕಟ್ಟಬೇಕೆಂದಿತು. ಅದರ ಸೂಚನೆ ಬಂದಿತ್ತು. ಇಂಗ್ಲಿಷಿನಲ್ಲಿದೆಯೆಂದು ನಾವು ಓದದೆ ಬಿಟ್ಟೆವು. ಆ ತಪ್ಪು ನಮ್ಮದೇ. ಅವಧಿ ಮುಗಿದ ದಿನ ಲೆಕ್ಕ ತೆರೆಯಲಿಲ್ಲ. ಅದೇ ವಾರ ನಮ್ಮ ಲೈನಿನ ಒಬ್ಬ ತಾಯಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆಕೆ ಕಟ್ಟಿದ ಹಣವೆಷ್ಟು, ಪಡೆದ ಸಾಲವೆಷ್ಟು ಎಂದು ತೋರಿಸಲು ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ. ಆಕೆಯ ಮಗನು ಬಾಗಿಲಲ್ಲಿ ನಿಂತಿದ್ದ. ನಾವು ನಮ್ಮ ನಮ್ಮ ಕೈಯಿಂದ ಕೂಡಿಸಿ ಕೊಟ್ಟೆವು. ಆದರೆ ನಿಧಿ ಇದ್ದೂ ಇಲ್ಲದಂತಾದ ಆ ನಾಚಿಕೆ ಇನ್ನೂ ನಮ್ಮನ್ನು ಬಿಟ್ಟಿಲ್ಲ.

ಇದು ಹೇಗಾಯಿತೆಂದು ತಿಳಿಯಲು ನಮ್ಮ ಹಿರಿಯರ ಮಾತೇ ಸಾಕು. ಕಾಸರಗೋಡು 1956ರ ತನಕ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದಲ್ಲಿ ಇಲ್ಲಿ ಎರಡು ಬಗೆಯ ಗೇಣಿ ಇತ್ತು. ಮೂಲಗೇಣಿಯವನಿಗೆ ಗೇಣಿ ನಿಶ್ಚಿತ. ಭೂಮಿ ಮಕ್ಕಳ ಕಾಲಕ್ಕೂ ಉಳಿಯುತ್ತಿತ್ತು. ಚಾಲಗೇಣಿಯವನದು ಧನಿಯ ಮರ್ಜಿ; ಗೇಣಿ ಏರಿಸಿದರೆ ಕೊಡಬೇಕು, ಇಲ್ಲವೇ ಬಿಡಬೇಕು. ಒಮ್ಮೆ ಕೊಂಡ ಸಾಫ್ಟ್‌ವೇರ್ ಪರವಾನಗಿಯು ಮೂಲಗೇಣಿಯಂತೆ. ತಿಂಗಳ ಚಂದಾದ್ದು ಚಾಲಗೇಣಿಯಂತೆ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಅಳಿಯಿತು. ತೋಟಗಳಿಗೆ ಮಾತ್ರ ಭೂಮಿತಿಯಿಂದ ವಿನಾಯಿತಿ ದೊರೆಯಿತು. ಕೆಲಸ ಹೋದರೆ ಲೈನು ಮನೆಯೂ ಹೋದೀತೆಂಬ ಭಯ ಬಲ್ಲ ನಮಗೆ, ಚಂದಾ ನಿಂತರೆ ಲೆಕ್ಕವೂ ನಿಲ್ಲುತ್ತದೆಂಬುದು ಅರ್ಥವಾಗದ ಮಾತಲ್ಲ.

ಇದು ನಮ್ಮ ಒಂದು ಕಚೇರಿಯ ಕಥೆಯಲ್ಲ. ಅಚ್ಚುಕೂಟಗಳವರು ಬಳಸುವ ಸಾಫ್ಟ್‌ವೇರುಗಳ ಅಡೋಬ್ ಕಂಪೆನಿಯು, ಇನ್ನು ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರವೆಂದು 2013ರಲ್ಲಿಯೇ ಪ್ರಕಟಿಸಿತು. ಮಂಗಳೂರಿನ ಬಾಸೆಲ್ ಮಿಶನ್ 1841ರಲ್ಲಿ ಮುದ್ರಣಾಲಯ ತೆರೆದಾಗ ಯಂತ್ರ ಒಮ್ಮೆ ಕೊಂಡರೆ ಅದು ಮುದ್ರಣಾಲಯದ್ದೇ. ಇಂದು ಹಾಗಲ್ಲ. ಕೊಂಡ ಪರವಾನಗಿಗೂ ಆಯುಷ್ಯವಿದೆ: ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಚಂದಾವೆಲ್ಲ ಮೋಸವೆಂದು ನಾವು ಹೇಳುವುದಿಲ್ಲ. ದುರಸ್ತಿ, ಹೊಸ ಆವೃತ್ತಿ ಅದರಲ್ಲಿಯೇ ಸೇರಿರುವುದುಂಟು. ಆದರೆ ಗೋಪುರ ಕಟ್ಟುವ ಮೊದಲು ಕುಳಿತು ಖರ್ಚು ಲೆಕ್ಕ ಹಾಕಬೇಕೆಂದು ನಮ್ಮ ಕರ್ತನು ಸಾಮ್ಯವಾಗಿ ಕಲಿಸಿದನಲ್ಲವೇ?

ಲೆಕ್ಕ ಹಾಕೋಣ. ತಿಂಗಳಿಗೆ 500 ರೂಪಾಯಿಯೆಂದು ಇಟ್ಟುಕೊಳ್ಳಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿದರೆ 590. ವರ್ಷಕ್ಕೆ 7,080. ಐದು ವರ್ಷಕ್ಕೆ 35,400. ಕೊನೆಗೆ ಕೈಯಲ್ಲಿ ಉಳಿಯುವುದು ಏನೂ ಇಲ್ಲ.

ಆಗ ಒಬ್ಬ ಯುವಕನು, ಕಳ್ಳ ಪ್ರತಿಯೊಂದನ್ನು ಪುಕ್ಕಟೆ ಹಾಕಿಕೊಡುತ್ತೇನೆಂದನು. ನಮ್ಮ ಮನಸ್ಸೂ ಒಂದು ಗಳಿಗೆ ಅತ್ತ ವಾಲಿತು. ಆದರೆ ಕೂಲಿಯಲ್ಲಿ ಒಂದು ರೂಪಾಯಿ ಕಡಿಮೆಯಾದರೆ ಅನ್ಯಾಯವೆನ್ನುವ ನಾವು, ಇನ್ನೊಬ್ಬರ ದುಡಿಮೆಯ ಕೂಲಿಯನ್ನು ಹಿಡಿದಿಡಬಹುದೇ? ಅಲ್ಲದೆ ಅಂಥ ಪ್ರತಿಗಳೊಂದಿಗೆ ವೈರಸ್ ಬಂದು ಲೆಕ್ಕವೇ ಹಾಳಾಗುವುದುಂಟು. ಬೇಡವೆಂದೆವು.

ದಾರಿ ತೋರಿಸಿದವರು ನಮ್ಮ ಮಕ್ಕಳೇ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ 2001ರಲ್ಲಿ ಆರಂಭವಾಯಿತು; 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಅಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್ ಎಂಬ ಸ್ವತಂತ್ರ ಸಾಫ್ಟ್‌ವೇರಿನಲ್ಲಿ. ಊರ ಬಾವಿಯಂತೆ ಅದನ್ನು ಯಾರೂ ಬಳಸಬಹುದು, ಹಂಚಬಹುದು, ತಿದ್ದಬಹುದು, ಪರವಾನಗಿಗೆ ಹಣವಿಲ್ಲ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಪಳಗಿದ್ದಾರೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ನಮ್ಮ ಪಕ್ಕದಲ್ಲಿ ಕುಳಿತು, ಲಿಬ್ರೆ ಆಫೀಸಿನ ಹಾಳೆಯಲ್ಲಿ ಕೂಡಿಸುವುದನ್ನು ಕಲಿಸಿದಳು. ಮಗುವಿನಿಂದ ಕಲಿಯಲು ನಮಗೆ ನಾಚಿಕೆಯಾಗಲಿಲ್ಲ.

ಊರ ಬಾವಿಯಾದರೂ ನೀರು ಸೇದಬೇಕು. ಹಳೆಯ ಪುಸ್ತಕದಿಂದ ಎಲ್ಲವನ್ನೂ ಬರೆದೇರಿಸಲು ಎರಡು ತಿಂಗಳು ಸಂಜೆಯ ಹೊತ್ತು ಹಿಡಿಯಿತು. ಹಳೆಯ ಅಕ್ಷರಗಳಲ್ಲಿದ್ದ ಕನ್ನಡ ಪತ್ರಗಳನ್ನು ಯೂನಿಕೋಡಿಗೆ ಬದಲಾಯಿಸಬೇಕಾಯಿತು. ದುಡ್ಡು ಉಳಿಯಿತು, ದುಡಿಮೆ ಬೇಕಾಯಿತು.

ಇನ್ನು ಮುಂದೆ ನಾವು ಪಾಲಿಸಲಿರುವ ನಿಯಮಗಳು ಇವು. ನಿಮ್ಮ ಮಹಿಳಾ ಸಂಘ, ಕುಟುಂಬಶ್ರೀ ಗುಂಪುಗಳಿಗೂ ಇವು ಉಪಯೋಗವಾದಾವು.

ಮೊದಲನೆಯದು: ಯಾವ ಸಾಫ್ಟ್‌ವೇರ್, ಯಾರ ಹೆಸರಿನಲ್ಲಿ, ಎಷ್ಟು ಹಣ, ಎಂದು ಮುಗಿಯುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು, ಮೂರು ತಿಂಗಳಿಗೊಮ್ಮೆ ಕೂಟದಲ್ಲಿ ಓದುವುದು.

ಎರಡನೆಯದು: ಕೊಳ್ಳುವ ಮೊದಲೇ, "ನಾವು ಬಿಟ್ಟರೆ ನಮ್ಮ ಲೆಕ್ಕವನ್ನು ಹೊರತೆಗೆಯಬಹುದೇ?" ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯುವುದು.

ಮೂರನೆಯದು: ಆಳಿಗೆ ಇಷ್ಟೆಂದು ಹಣವಿದ್ದರೆ, ಬಳಸದವರ ಹೆಸರನ್ನು ತೆಗೆಸುವುದು.

ನಾಲ್ಕನೆಯದು: ಕಾರ್ಡಿನಿಂದ ತಾನಾಗಿ ಹಣ ಹೋಗುವ ಏರ್ಪಾಡಿದ್ದರೆ ಎಚ್ಚರವಿರುವುದು. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರದಿಂದ, ಹಣ ತೆಗೆಯುವ 24 ಗಂಟೆ ಮೊದಲು ಸೂಚನೆ ಬರಬೇಕು. ಅದನ್ನು ಓದಿಸಿಕೊಳ್ಳುವುದು; ಬೇಡವಾದರೆ ಆಗಲೇ ನಿಲ್ಲಿಸುವುದು.

ಐದನೆಯದು: ತಿಂಗಳ ಕೊನೆಗೆ ಲೆಕ್ಕವನ್ನು ಕಾಗದದಲ್ಲಿ ಅಚ್ಚು ತೆಗೆದು ಪೆಟ್ಟಿಗೆಯಲ್ಲಿಡುವುದು; ಪ್ರತಿ ಸದಸ್ಯನಿಗೂ ಅವನವನ ಚೀಟಿ ಕೊಡುವುದು.

ಸಹೋದರ ಸಹೋದರಿಯರೇ, ಯಂತ್ರ ಯಾರದೇ ಆಗಿರಲಿ, ಲೆಕ್ಕ ನಮ್ಮದು. ಮುಂದೆ ಯಾವ ತಾಯಿಯ ಮಗನೂ ನಮ್ಮ ಬಾಗಿಲಲ್ಲಿ ಉತ್ತರವಿಲ್ಲದೆ ನಿಲ್ಲಬಾರದು. ಸ್ವಲ್ಪದರಲ್ಲಿ ನಂಬಿಗಸ್ತರಾಗಿರುವ ಕೃಪೆಯನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ. ಇಂದಿನ ಚೀಟಿಗಳು ಮೇಜಿನ ಮೇಲಿವೆ. ಹೋಗುವ ಮೊದಲು ನಿಮ್ಮ ನಿಮ್ಮದನ್ನು ನೋಡಿ, ತಪ್ಪಿದ್ದರೆ ಈಗಲೇ ತಿಳಿಸಿರಿ.