ಕಡಲಿಲ್ಲದ ಊರಿನ ಕಡಲ್ಗಳ್ಳರು

(ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಪೋಷಕರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಶೆಟ್ಟಿಹಳ್ಳಿ ದಾಟಿ ಗುಬ್ಬಿಯ ಕಡೆಗೆ ಹೋದರೂ ಕುಣಿಗಲ್ಲಿನ ಕಡೆಗೆ ಹೋದರೂ ಕಣ್ಣಿಗೆ ಬೀಳುವುದು ತೆಂಗಿನ ತೋಟ. ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು, ಒಂದು ಹಗಲಿನ ಪ್ರಯಾಣ. ಆದರೂ ಇಲ್ಲಿನ ಯಾವುದೋ ಮನೆಯಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹುಡುಗನೊಬ್ಬ "ಹಾಯಿ ಬಿಚ್ಚೋ, ಹಿಂದೆ ಬರ್ತಾ ಇದಾರೆ!" ಎಂದು ಕೂಗಿದರೆ ಆಶ್ಚರ್ಯಪಡಬೇಕಾಗಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ ಅಜ್ಜನಿಗೆ ಮಾತ್ರ ನಿದ್ದೆಗೇಡು. ಯಾವ ಹಾಯಿ, ಯಾರು ಬರುತ್ತಿದ್ದಾರೆ, ಇವನೇಕೆ ಕಳ್ಳನಾಗಿದ್ದಾನೆ?

ಮೊದಲು ಈ ಆಟ ಏನೆಂದು ನೋಡೋಣ. ಗುಬ್ಬಿಯ ನೆರೆಯವರಿಗೆ ಇದನ್ನು ನಾಟಕದ ಉದಾಹರಣೆಯಿಂದ ಹೇಳುವುದೇ ಸುಲಭ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ 'ಕುರುಕ್ಷೇತ್ರ' ಆಡಿದಾಗ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಜನ ಬೆರಗಾಗಿ ನೋಡಿದರು. ಆದರೆ ನೋಡುವವರು ಕೆಳಗೆ, ಆಡುವವರು ಮೇಲೆ. ಯಾರು ಸಾಯಬೇಕು ಎಂಬುದು ಮೊದಲೇ ಬರೆದಿಟ್ಟ ವಿಷಯ. ಈಗ ಹೀಗೆ ಊಹಿಸಿಕೊಳ್ಳಿ: ಟಿಕೆಟ್ ಕೊಂಡವರೆಲ್ಲ ವೇಷ ಹಾಕಿಕೊಂಡು ರಂಗ ಹತ್ತಿದ್ದಾರೆ, ರಂಗವೋ ಒಂದು ಸಮುದ್ರದಷ್ಟು ದೊಡ್ಡದು, ಮಾತು ಬರೆದುಕೊಟ್ಟವರು ಯಾರೂ ಇಲ್ಲ. ತುಮಕೂರಿನ ಹುಡುಗನ ಹಡಗನ್ನು ಬ್ರೆಜಿಲಿನ ಹುಡುಗಿ ಮುಳುಗಿಸಬಹುದು. ಎಲ್ಲಿಗೆ ಬೇಕಾದರೂ ಹೋಗಬಹುದಾದ್ದರಿಂದ ಇದನ್ನು ಓಪನ್ ವರ್ಲ್ಡ್ ಎನ್ನುತ್ತಾರೆ, ಹಲವರು ಕೂಡಿ ಆಡುವುದರಿಂದ ಮಲ್ಟಿಪ್ಲೇಯರ್. ಹಸಿವು, ಬಾಯಾರಿಕೆ, ಚಳಿಗಳನ್ನು ಗೆದ್ದು ಉಳಿಯಬೇಕಾದ ಆಟಗಳಿಗೆ ಸರ್ವೈವಲ್ ಎಂಬ ಹೆಸರು.

ಈ ಮೂರೂ ಕೂಡಿದ ಕಡಲ್ಗಳ್ಳರ ಆಟಗಳಲ್ಲಿ ಹೆಚ್ಚು ಹಂಬಲದ್ದು, ಬಹುಶಃ ಹೆಚ್ಚು ಎಡವಿದ್ದೂ, 'ಅಟ್ಲಾಸ್'. ಗ್ರೇಪ್‌ಶಾಟ್ ಗೇಮ್ಸ್ ಎಂಬ ಸಂಸ್ಥೆ ಇದನ್ನು ಪೂರ್ತಿಯಾಗುವ ಮುನ್ನವೇ 2018ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಒಂದೇ ಲೋಕದಲ್ಲಿ 40,000 ಜನ ಒಟ್ಟಿಗೆ ಆಡಬಹುದೆಂಬುದು ಜಾಹೀರಾತು. ಆಟಗಾರ ಮೈಮೇಲೆ ಹೆಚ್ಚುಕಡಿಮೆ ಬಟ್ಟೆಯೇ ಇಲ್ಲದೆ ದಡದಲ್ಲಿ ಎಚ್ಚರಗೊಳ್ಳುತ್ತಾನೆ. ನಾರು ಕೀಳಬೇಕು, ಮರ ಕಡಿಯಬೇಕು, ತೆಪ್ಪ ಕಟ್ಟಬೇಕು. ಹೊಟ್ಟೆ ತುಂಬಿದರೆ ಸಾಲದು. ಎ, ಬಿ, ಸಿ, ಡಿ ಜೀವಸತ್ವಗಳು ಸಮನಾಗಿರಬೇಕು, ಅದಕ್ಕಾಗಿ ತರಕಾರಿ, ಮಾಂಸ, ಹಣ್ಣು, ಮೀನು ಎಲ್ಲವನ್ನೂ ತಿನ್ನಬೇಕು. (ಮನೆಯಲ್ಲಿ ಸೊಪ್ಪಿನ ಪಲ್ಯ ಮುಟ್ಟದ ಮಗ ಅಲ್ಲಿ ತರಕಾರಿಗಾಗಿ ಕಾಡು ಸುತ್ತುತ್ತಾನೆ ಎಂಬುದನ್ನು ತಾಯಂದಿರು ಗಮನಿಸಬೇಕು.) ಹಡಗು ದೊಡ್ಡದಾದರೆ ಖಲಾಸಿಗಳನ್ನು ನೇಮಿಸಿಕೊಳ್ಳಬೇಕು, ಅವರಿಗೆ ಊಟ ಹಾಕಿ ಚಿನ್ನದಲ್ಲಿ ಸಂಬಳ ಕೊಡಬೇಕು.

ಇನ್ನೊಂದು 'ಸೀ ಆಫ್ ಥೀವ್ಸ್'. ಬ್ರಿಟನ್ನಿನ ರೇರ್ ಸಂಸ್ಥೆ 2018ರ ಮಾರ್ಚಿನಲ್ಲಿ ತಂದದ್ದು. ಇದರಲ್ಲಿ ಹಸಿವಿನ ಕಾಟ ಕಡಿಮೆ, ನಂಬಿಕೆಯ ಕಾಟ ಹೆಚ್ಚು. ಹುಡುಕಿದ ಪೆಟ್ಟಿಗೆಯನ್ನು ಬಂದರಿಗೆ ತಂದು ಒಪ್ಪಿಸುವವರೆಗೆ ಅದು ನಿಮ್ಮದಲ್ಲ. ದಾರಿಯಲ್ಲಿ ಯಾರು ಕಿತ್ತುಕೊಂಡರೂ ಅವರದೇ. ಎದುರಾದ ಹಡಗು ಸ್ನೇಹದ್ದೋ ದ್ವೇಷದ್ದೋ ತಿಳಿಯದ ಆ ಎರಡು ನಿಮಿಷವೇ ಆಟದ ಜೀವ.

ಹಾಗಾದರೆ ಇದು ಮಕ್ಕಳಿಗೆ ಕಳ್ಳತನ ಕಲಿಸುವ ಆಟವೇ? ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು, ನ್ಯಾಯವಾದದ್ದೇ. ಉತ್ತರಕ್ಕೆ ಕೆರಿಬಿಯನ್ ದ್ವೀಪಗಳ ಕಡೆಗೆ ಹೋಗಬೇಕಾಗಿಲ್ಲ, ನಮ್ಮ ಘಟ್ಟದ ಕೆಳಗೇ ಸಾಕಷ್ಟು ಸಾಮಗ್ರಿ ಇದೆ.

ಮೊರಾಕೊದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದುದನ್ನು ಬರೆದಿಟ್ಟ. ಎರಡು-ಮೂರು ವರ್ಷಗಳ ನಂತರ ಅದೇ ಕರಾವಳಿಯಲ್ಲಿ, ಹೊನ್ನಾವರ ಮತ್ತು ಬಾರಕೂರುಗಳ ನಡುವಿನ ಚಿಕ್ಕ ದ್ವೀಪವೊಂದರ ಬಳಿ, ಹನ್ನೆರಡು ಹಡಗುಗಳು ಅವನನ್ನು ಸುತ್ತುವರಿದವು. ಸಿಂಹಳದ ದೊರೆ ಕೊಟ್ಟ ರತ್ನಗಳು, ಬಟ್ಟೆಬರೆ, ಎಲ್ಲವೂ ಹೋಯಿತು. ಬುಖಾರಾದ ಗೋರಿಗಳಿಂದ ನಕಲು ಮಾಡಿಕೊಂಡಿದ್ದ ಬರಹಗಳೂ ಕಡಲಿನ ಸುಲಿಗೆಯಲ್ಲೇ ಹೋದವೆಂದು ಅವನ ಅಳಲು. ಉಳಿದದ್ದು ಉಟ್ಟ ಇಜಾರ ಒಂದೇ. ದಡ ಸೇರಿ ಕಲ್ಲಿಕೋಟೆ ತಲುಪಿ ಮಸೀದಿಯೊಂದನ್ನು ಹೊಕ್ಕಾಗ ಒಬ್ಬರು ಅಂಗಿ ಕಳಿಸಿದರು, ಕಾಜಿ ಪೇಟ ಕಳಿಸಿದ, ವ್ಯಾಪಾರಿಯೊಬ್ಬ ಇನ್ನೊಂದು ಉಡುಪು ಕೊಟ್ಟ. ಮೈಮೇಲೆ ಬಟ್ಟೆಯಿಲ್ಲದೆ ದಡಕ್ಕೆ ಬಿದ್ದು ಅಪರಿಚಿತರ ದಯೆಯಿಂದ ಮತ್ತೆ ಆರಂಭಿಸುವುದು ಅಟ್ಲಾಸ್ ಆಡಿದ ಯಾವ ಹುಡುಗನಿಗೂ ಹೊಸ ಕಥೆಯಲ್ಲ.

ಇದಕ್ಕಿಂತ ಕುತೂಹಲಕರವಾದದ್ದು ಅವನು ಬಾರಕೂರಿನ ಬಗ್ಗೆ ಹೇಳುವ ಮಾತು. ಅಲ್ಲಿನ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳು. ಅವುಗಳ ದಳಪತಿ ಲೂಲಾ ಎಂಬವನನ್ನು ಬತೂತ ವರ್ತಕರನ್ನು ದೋಚುವ ಕಡಲ್ಗಳ್ಳ ಎಂದೇ ಕರೆಯುತ್ತಾನೆ. ಅರಸನ ನೌಕಾಪಡೆಗೆ ಕಳ್ಳನೇ ದಳಪತಿ! ಜೊತೆಗೆ ಈ ಕರಾವಳಿಯಲ್ಲಿ ಒಂದು ಪದ್ಧತಿಯಿತ್ತು: ಮುಂದೆ ಹಾದುಹೋಗುವ ಪ್ರತಿ ಹಡಗೂ ಲಂಗರು ಹಾಕಿ ಕಾಣಿಕೆ ಸಲ್ಲಿಸಬೇಕು. ಅದಕ್ಕೆ 'ಬಂದರಿನ ಹಕ್ಕು' ಎಂದು ಹೆಸರು. ಕೊಡದೆ ಹೋದವರನ್ನು ಬೆನ್ನಟ್ಟಿ ಹಿಡಿತಂದು ಎರಡರಷ್ಟು ವಸೂಲು ಮಾಡುತ್ತಿದ್ದರು. ಬಾರಕೂರಿನವರ ದೃಷ್ಟಿಯಲ್ಲಿ ಇದು ಸುಂಕ. ತೆತ್ತವರ ದೃಷ್ಟಿಯಲ್ಲಿ ಸುಲಿಗೆ.

ಸುಮಾರು ನೂರೈವತ್ತು ವರ್ಷಗಳ ನಂತರ ಪೋರ್ಚುಗೀಸರು ಬಂದರು. ಬಂದವರು ಇಡೀ ಸಮುದ್ರವೇ ತಮ್ಮದೆಂದರು. ತಮ್ಮಿಂದ 'ಕಾರ್ತಾಜ್' ಎಂಬ ರಹದಾರಿ ಪಡೆಯದ ಹಡಗು ಸಿಕ್ಕರೆ ಸರಕು ಜಪ್ತಿ. ಅಲ್ಲಿಯವರೆಗೆ ಬಂದರಿಗೆ ಸುಂಕವಿತ್ತು, ಈಗ ಅಲೆಗೂ ಸುಂಕ ಬಂತು. ಅವರ ಬರಹಗಳಲ್ಲಿ ಕಡಲ್ಗಳ್ಳ ಎಂಬ ಹಣೆಪಟ್ಟಿ ಹೊತ್ತವನು ಹೊನ್ನಾವರದ ತಿಮ್ಮೋಜ. 1498ರಲ್ಲಿ ವಾಸ್ಕೊ ಡ ಗಾಮ ಕಾರವಾರದ ಎದುರಿನ ಅಂಜದೀವದಲ್ಲಿ ಹಡಗು ದುರಸ್ತಿ ಮಾಡಿಸುತ್ತಿದ್ದಾಗ, ತಿಮ್ಮೋಜ ತನ್ನ ದೋಣಿಗಳನ್ನು ಸೇರಿಸಿ ಕಟ್ಟಿ, ಸೊಪ್ಪುಕೊಂಬೆ ಹೊದಿಸಿ, ತೇಲುವ ದ್ವೀಪದಂತೆ ಕಾಣಿಸಿ ಹತ್ತಿರ ಬಂದನೆಂದು ಪೋರ್ಚುಗೀಸ್ ಚರಿತ್ರೆಕಾರರು ಹೇಳುತ್ತಾರೆ. ಆಟ ತಯಾರಿಸುವವರಿಗೆ ಇಂಥ ಉಪಾಯ ಇನ್ನೂ ಹೊಳೆದಂತಿಲ್ಲ. ಗಾಮ ಗುಂಡು ಹಾರಿಸಿ ಅವರನ್ನು ಚದುರಿಸಿದ. ಆದರೆ ಇದೇ ತಿಮ್ಮೋಜ 1510ರಲ್ಲಿ ಅಲ್ಬುಕರ್ಕನಿಗೆ ಗೋವಾದ ದಾರಿ ತೋರಿಸಿದ. ಆಗ ಅವನು ಕಳ್ಳನಲ್ಲ, ಮಿತ್ರ! ಮನುಷ್ಯ ಅವನೇ, ಹೊನ್ನಾವರವೂ ಅದೇ; ಬದಲಾದದ್ದು ಯಾರ ಪರ ನಿಂತ ಎಂಬುದಷ್ಟೆ.

ಇನ್ನು ವಿಲಿಯಂ ಕಿಡ್. ಇಂಗ್ಲಿಷ್ ಕಥೆಗಳಲ್ಲಿ ಕಡಲ್ಗಳ್ಳರಿಗೆಲ್ಲ ದೊಡ್ಡಪ್ಪ. ನಿಜಕ್ಕೂ ಅವನು ಹೊರಟದ್ದು ಕಡಲ್ಗಳ್ಳರನ್ನು ಹಿಡಿಯಲು, ಇಂಗ್ಲೆಂಡಿನ ದೊರೆಯ ಸನದು ಜೇಬಿನಲ್ಲಿಟ್ಟುಕೊಂಡು. 1697ರ ಸೆಪ್ಟೆಂಬರಿನಲ್ಲಿ ಸೌದೆ, ನೀರಿಗಾಗಿ ಕಾರವಾರಕ್ಕೆ ಬಂದ. ಅವನ ಖಲಾಸಿಗಳಲ್ಲಿ ಕೆಲವರು ಅಲ್ಲೇ ಹಡಗು ಬಿಟ್ಟು, ಈಸ್ಟ್ ಇಂಡಿಯಾ ಕಂಪನಿಯ ಕೋಠಿಯವರಿಗೆ ದೂರು ಹೇಳಿದರು. ಮರುವರ್ಷ ಜನವರಿಯಲ್ಲಿ ಮಲಬಾರ್ ಕರಾವಳಿಯಾಚೆ ಕಿಡ್ 'ಕ್ವೆದಾ ಮರ್ಚೆಂಟ್' ಎಂಬ ಶ್ರೀಮಂತ ಹಡಗನ್ನು ಹಿಡಿದ. ಅದರ ಬಳಿ ಫ್ರೆಂಚ್ ರಹದಾರಿ ಇತ್ತು, ಫ್ರೆಂಚರು ಇಂಗ್ಲೆಂಡಿನ ಶತ್ರುಗಳು, ಆದ್ದರಿಂದ ತಾನು ಹಿಡಿದದ್ದು ಸರಿ ಎಂಬುದು ಅವನ ವಾದ. ಲಂಡನ್ನಿನ ವಿಚಾರಣೆಯಲ್ಲಿ ಆ ಕಾಗದಗಳೇ ಸಿಗಲಿಲ್ಲ. 1701ರ ಮೇ ತಿಂಗಳಲ್ಲಿ ಅವನನ್ನು ಗಲ್ಲಿಗೇರಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವೇ ಕಾಗದಗಳು ಲಂಡನ್ನಿನ ಸರ್ಕಾರಿ ದಫ್ತರಗಳ ನಡುವೆ ಪತ್ತೆಯಾದವು. ಕಿಡ್ ಸಾಚಾ ಎಂದು ಇದರಿಂದ ಹೇಳಲಾಗದು. ಆದರೆ ಸರ್ಕಾರಿ ಕಚೇರಿಯಲ್ಲಿ ಫೈಲು ಕಳೆದುಹೋಗುವುದು ನಮ್ಮ ಕಡೆಯ ವಿಶೇಷವೇನಲ್ಲ ಎಂಬ ಸಮಾಧಾನವಿದೆ.

ಈ ಹಿನ್ನೆಲೆಯಲ್ಲಿ ಆಟದ ಕಡೆಗೆ ಮತ್ತೆ ನೋಡಿದರೆ, ಅದರ ನಿಜವಾದ ದೋಷ ಕಳ್ಳತನವಲ್ಲ. ಅಲ್ಲಿನ ಕಡಲಿಗೆ ಯಜಮಾನರಿಲ್ಲ. ದಡದಲ್ಲಿ ಊರಿಲ್ಲ, ಬಲೆ ಒಣಗಿಸುವವರಿಲ್ಲ, ಶಾಲೆಯಿಲ್ಲ. ಮೊದಲು ಬಾವುಟ ನೆಟ್ಟವನದೇ ದ್ವೀಪ. ಪೋರ್ಚುಗೀಸರು ಕೂಡ ನಮ್ಮ ಕಡಲನ್ನು ಹಾಗೆಯೇ ನೋಡಿದ್ದರು; ಹೊನ್ನಾವರದ ಶಾಲೆಗಳಲ್ಲಿ ಮಕ್ಕಳು ಓದುತ್ತಿದ್ದ ಸಂಗತಿ ಆ ನೋಟಕ್ಕೆ ಬೇಕಿರಲಿಲ್ಲ. 'ಸ್ಕಲ್ ಅಂಡ್ ಬೋನ್ಸ್' ಎಂಬ ಆಟ 2024ರ ಫೆಬ್ರುವರಿಯಲ್ಲಿ ಹಿಂದೂ ಮಹಾಸಾಗರವನ್ನೇ ರಂಗವಾಗಿಟ್ಟುಕೊಂಡು ಬಂದಾಗ ಅದರ ನಕ್ಷೆಯಲ್ಲಿ ಆಫ್ರಿಕಾದ ಕರಾವಳಿ ಇತ್ತು, ಈಸ್ಟ್ ಇಂಡೀಸ್ ಇತ್ತು, ಹೊನ್ನಾವರ, ಬಾರಕೂರು ಇರಲಿಲ್ಲ.

ಸ್ವಾರಸ್ಯವೇನೆಂದರೆ, ಯಜಮಾನರಿಲ್ಲದ ಆ ಕಡಲು ಹಾಗೆ ಉಳಿಯಲೂ ಇಲ್ಲ. ಅಟ್ಲಾಸ್ ಆರಂಭವಾದ ಕೆಲವೇ ದಿನಗಳಲ್ಲಿ ಬಾವುಟಗಳು ಎಲ್ಲ ನೆಲವನ್ನೂ ಮುಚ್ಚಿದವು. ತಡವಾಗಿ ಬಂದವನಿಗೆ ಗುಡಿಸಲು ಹಾಕಲೂ ಜಾಗವಿಲ್ಲ. ದೂರು ಹೆಚ್ಚಿದಾಗ 2019ರಲ್ಲಿ ನಿಯಮ ಬದಲಿಸಿದರು. ದ್ವೀಪಕ್ಕೊಬ್ಬ ಒಡೆಯ, ಉಳಿದವರು ಅಲ್ಲಿ ಬಂದು ನೆಲೆಸಬಹುದು, ಆದರೆ ಕಡಿದ ಮರದಲ್ಲಿ, ಅಗೆದ ಲೋಹದಲ್ಲಿ ಒಡೆಯನಿಗೆ ಪಾಲು ಸಲ್ಲಿಸಬೇಕು. ಬತೂತ ಕಂಡ ಬಂದರಿನ ಹಕ್ಕು ಕಂಪ್ಯೂಟರಿನೊಳಗೆ ಮತ್ತೆ ಹುಟ್ಟಿತು.

ಪೋಷಕರಿಗೆ ಇನ್ನೊಂದು ಸಂಗತಿ. ಅಟ್ಲಾಸ್‌ನಂಥ ಆಟದಲ್ಲಿ ಮಗ ಕಂಪ್ಯೂಟರ್ ಆರಿಸಿದರೂ ಅವನ ಲೋಕ ನಿಲ್ಲುವುದಿಲ್ಲ. ಅವನ ಪಾತ್ರ ಅಲ್ಲೇ ಮಲಗಿರುತ್ತದೆ, ಹಡಗು ನೀರಿನಲ್ಲೇ ಇರುತ್ತದೆ, ಇಲ್ಲಿ ರಾತ್ರಿಯಾದಾಗ ಇನ್ನೊಂದು ದೇಶದಲ್ಲಿ ಹಗಲು. ಒಂದು ತಿಂಗಳು ಕೂಡಿ ಕಟ್ಟಿದ್ದು ಬೆಳಗಾಗುವಷ್ಟರಲ್ಲಿ ಮುಳುಗಿರಬಹುದು. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಗೆ ಎದ್ದು ಹಡಗು ನೋಡುವ ಹುಡುಗನನ್ನು ಬರೀ ಸೋಮಾರಿ ಎಂದು ಬೈದರೆ ಅವನಿಗೆ ಅರ್ಥವಾಗುವುದಿಲ್ಲ, ಅವನು ಕಾವಲುಗಾರನಾಗಿದ್ದಾನೆ. ಕಾವಲು ಕಾಯಬೇಕಾದ ಇಂಥ ಆಟ ಶಾಲೆಗೆ ಹೋಗುವ ಮಕ್ಕಳಿಗೆ ಒಗ್ಗುವಂಥದ್ದಲ್ಲ. ಸೀ ಆಫ್ ಥೀವ್ಸ್‌ನಲ್ಲಿ ಆ ತೊಂದರೆಯಿಲ್ಲ, ಆಟ ಮುಗಿಸಿದರೆ ಹಡಗಿನ ಚಿಂತೆಯೂ ಮುಗಿಯುತ್ತದೆ. 2023ರ ಡಿಸೆಂಬರಿನಿಂದ ಅದರಲ್ಲಿ ಬೇರೆ ಆಟಗಾರರು ಬಾರದ 'ಸೇಫರ್ ಸೀಸ್' ಎಂಬ ವ್ಯವಸ್ಥೆಯೂ ಬಂತು. ಅಪರಿಚಿತರ ಮಾತು, ಬೈಗುಳ ಇರುವುದಿಲ್ಲ, ಗೆಳೆಯರಷ್ಟೇ ಕೂಡಿ ಆಡಬಹುದು. ಕಳ್ಳರಿಲ್ಲದ ಆ ಕಡಲಿನಲ್ಲಿ ಪೆಟ್ಟಿಗೆಗೆ ಸಿಗುವ ಚಿನ್ನ ಮಾತ್ರ ಕಡಿಮೆ.

ಕೊನೆಗೆ ತೆಂಗಿನ ಊರಿನವರಿಗೆಂದು ಒಂದು ಮಾತು. ಬತೂತ ಕಂಡ ಹಡಗುಗಳ ಹಲಗೆಗಳಿಗೆ ಕಬ್ಬಿಣದ ಮೊಳೆ ಹೊಡೆಯುತ್ತಿರಲಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಬಂಡೆಗೆ ತಾಗಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದ ಹಡಗು ಬಾಗಿ ಉಳಿಯುತ್ತದೆ ಎಂದು ಅವನೇ ಕಾರಣ ಕೊಡುತ್ತಾನೆ. ಆಟದಲ್ಲಿ ಹುಡುಗ ದಡದ ಮೇಲೆ ಮೊಟ್ಟಮೊದಲು ಕೀಳುವುದು ಕೂಡ ನಾರನ್ನೇ.